ನಾಯಕಿಯ ನೀಲಿ ಉಗುರು

ಒಂಟಿತನ ಹೆಚ್ಚಾದವರ ಉಗುರು ನೀಲಿಗಟ್ಟುವುದು ಆ ಕಾಲದಲ್ಲಿ ನೆಗಡಿಯಷ್ಟೇ ಸಾಮಾನ್ಯವಾಗಿತ್ತು. ಎಲ್ಲರೂ ಬಣ್ಣ ಹಚ್ಚಿ ಮುಚ್ಚಿಕೊಳ್ಳುತ್ತಿದ್ದರು. ಕಬಡ್ಡಿ ತಂಡದ ನಾಯಕಿ ದಾನೇಶ್ವರಿಯೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದಳು. ಕಪ್ ಗೆದ್ದು ಧಾರವಾಡಕ್ಕೆ ಮರಳಿದ ದಿನ ಮಾತ್ರ ಬಣ್ಣ ಅಳಿಸಿ, ಕ್ಯಾಮೆರಾಗಳ ಮುಂದೆ ಎರಡೂ ಕೈ ಚಾಚಿದಳು.

“ಮನಸ್ಸು ಬಿಚ್ಚಿ ಮಾತಾಡಾಕ ನನಗ ಒಬ್ರೂ ಗೆಳತ್ಯಾರಿಲ್ರಿ. ನಾಳಿಂದ ಡಾಕ್ಟರ ಕಡೆ ಹೋಗಾಕಿ ಅದೀನಿ ಅಂತ ನಾಚಿಕಿ ಇಲ್ದ ಹೇಳ್ತೀನಿ.”

ಸಂಜೆಯೊಳಗೆ ಊರೆಲ್ಲ ಅವಳ ಧೈರ್ಯವನ್ನು ಕೊಂಡಾಡಿತು. ಜನ ಆ ಕೈಗಳ ಫೋಟೊವನ್ನು ತಮ್ಮ ಫೋನುಗಳಲ್ಲಿ ಹಾಕಿಕೊಂಡರು. ಮನೆಗೆ ಮಾತ್ರ ಯಾರೂ ಬರಲಿಲ್ಲ. ಅವಳು ಒಬ್ಬಳೇ ಅವಲಕ್ಕಿ ಕಲಸಿಕೊಂಡು ಕುಳಿತಳು.

ಆಗ ಬಾಗಿಲು ಬಡಿದ ಸದ್ದಾಯಿತು. ಅವಳದೇ ತಂಡದ ಫಿರ್ದೋಸ್ ಹೊರಗೆ ನಿಂತಿದ್ದಳು.

“ಇಷ್ಟು ವರ್ಷ ಒಂದ ರೂಮಿನ್ಯಾಗ ಮಲಗೀವಿ. ನನಗರ ಹೇಳಬಾರದಿತ್ತೇನ?”

“ನೀ ಯಾವತ್ತರ ಕೇಳಿದಿ?”

ಫಿರ್ದೋಸ್ ತಲೆ ತಗ್ಗಿಸಿದಳು. ಚಪ್ಪಲಿ ಬಿಟ್ಟು ಒಳಗೆ ಬಂದು ಅವಳೆದುರು ನೆಲದ ಮೇಲೆ ಕುಳಿತಳು.

“ಈಗ ಕೇಳಾಕತ್ತೀನಿ. ಹೇಳು.”

ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ದಾನೇಶ್ವರಿ ಬಹಳ ಹೊತ್ತು ಅವಲಕ್ಕಿಯನ್ನು ಕಲಸುತ್ತಲೇ ಇದ್ದಳು. ಫಿರ್ದೋಸ್ ಎದ್ದು ಹೋಗಲಿಲ್ಲ.