ಊಟಕ್ಕೆ ಮುಂಚಿನ ಮೂರು ನಿಮಿಷ

ಮರೆಗುಳಿ ಮುದುಕ ಅಂತ ಈ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದೀರಿ, ಓದಿದೆ. ನಿಮ್ಮಪ್ಪ ಮೀಸೆ ಬೋಳಿಸಿದ ವಾರವೂ ನನಗೆ ನೆನಪಿದೆ, ಸುಮ್ಮನೆ ಕೇಳಿ. ನೆನಪು ಕೈಕೊಟ್ಟಿದ್ದು ಒಂದೇ ಒಂದು ಸಲ.

ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ಪ್ರೊಫೆಸರ್. ಕಾಯಿಲೆಯವರಿಗೆ ಮೊಬೈಲಿನಲ್ಲಿ ಹೇಗೆ ಹೇಳಿದರೆ ತಲೆಗೆ ಹೋಗುತ್ತದೆ ಎನ್ನುವುದೇ ಅವಳ ಸಂಶೋಧನೆ, ಅವಳ ಪಾಠ. ಇನ್ಸುಲಿನ್ ಚುಚ್ಚಿಕೊಳ್ಳುವ ನಲವತ್ತೆರಡು ಜನಕ್ಕೆ ಮಧ್ಯಾಹ್ನ ಒಂದು ವಾಯ್ಸ್ ಮೆಸೇಜು ಕಳಿಸಬೇಕಿತ್ತು. ಅವರ ವಯಸ್ಸಿನವರದೇ ದನಿ ಇರಲಿ ಎಂದು, ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಕೂಗಿದ ನನ್ನನ್ನು ಹಿಡಿದಳು. ಬರೆದುಕೊಟ್ಟಿದ್ದು ಒಂದೇ ಸಾಲು: ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಊಟ ಮಾಡಿ. ಒಂದೇ ಸಾಲು ಒಪ್ಪಿಸುವುದಕ್ಕೆ ನಾನೇನು ಗಿಣಿಯೇ? ಕಾಗದ ಮಡಚಿ ಜೇಬಿಗಿಟ್ಟು ನನ್ನ ಬಾಲ್ಯದಿಂದ ಶುರು ಮಾಡಿ ಮೂರು ನಿಮಿಷ ಮಾತಾಡಿದೆ.

ಮಾರನೆಯ ದಿನ ಮೆಸೇಜು ಹೋಗಿ ಮುಕ್ಕಾಲು ಗಂಟೆಗೆ ಒಬ್ಬ ರೋಗಿಯ ಹೆಂಡತಿಯ ಫೋನು. ಡಾಕ್ಟರು ಅರ್ಧ ಗಂಟೆ ಅಂದಿದ್ದರು, ಮೆಸೇಜಿನಲ್ಲಿ ಇವರು ಎರಡು ಗಂಟೆ ಬಿಟ್ಟು ಊಟ ಮಾಡಿ ಅನ್ನುತ್ತಾರಲ್ಲ, ಯಾರ ಮಾತು ಕೇಳಬೇಕು ಎಂದು. ನಮ್ಮ ಹುಡುಗಿಯ ಮುಖ ಸುಣ್ಣದ ಗೋಡೆಯಾಯಿತು. ಚುಚ್ಚಿಕೊಂಡು ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಇಳಿದು ಮನುಷ್ಯ ಕೂತಲ್ಲೇ ಉರುಳುತ್ತಾನೆ. ಅವಳು, ಅವಳ ವಿದ್ಯಾರ್ಥಿಗಳು, ನಾನು, ಎಲ್ಲರೂ ಒಂದೊಂದು ಫೋನು ಹಿಡಿದೆವು. ನಲವತ್ತೊಂದು ಜನ ಸಿಕ್ಕರು, ಎಲ್ಲರೂ ಗಟ್ಟಿಯಾಗಿದ್ದರು. ಗಡಿಯಾರ ರಿಪೇರಿಯವರೊಬ್ಬರು ಎತ್ತಲಿಲ್ಲ.

ಅಂಗಡಿ ಎರಡು ಬೀದಿ ಆಚೆ. ಓಡಿದೆವು. ಷಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದರೆ ಮೇಜಿನ ಮೇಲೆ ತಲೆ ಒರಗಿದೆ.

"ಯಜಮಾನ್ರೇ..." ಅವಳು ಷಟರ್ ತಟ್ಟಿದಳು.

ತಲೆ ಎದ್ದಿತು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿತ್ತು. "ಬೆಳಕಿಗೆ ಅಡ್ಡ ನಿಲ್ಬೇಡಿ ಮೇಡಂ, ಸ್ಪ್ರಿಂಗ್ ಹಾರಿಹೋಗತ್ತೆ."

"ಊಟ ಆಯ್ತಾ?"

"ಆಗ್ಲೇ ಆಯ್ತಲ್ಲ." ಪಕ್ಕದಲ್ಲಿ ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಮೆಸೇಜು ಕೇಳ್ಲಿಲ್ವಾ?"

"ಆ ಮುದುಕಂದಾ? ಇವನು ವಿಷಯಕ್ಕೆ ಬರೋಷ್ಟರಲ್ಲಿ ನಾನು ಹೆಣ ಆಗ್ತೀನಿ ಅಂತ ಫೋನನ್ನ ಡ್ರಾಯರ್‌ಗೆ ಹಾಕಿ ಊಟಕ್ಕೆ ಕೂತೆ."

ಅವಳು ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ನಕ್ಕಳು, ಕಣ್ಣಲ್ಲಿ ಧಾರಾಕಾರ ನೀರು. ಕಳಿಸುವ ಮುಂಚೆ ನೀನಾದರೂ ಕೇಳಬಾರದಿತ್ತಾ ಎಂದು ಗದರಿದೆ, ಮಾನ ಉಳಿಸಿಕೊಳ್ಳಬೇಕಲ್ಲ.

"ಅರ್ಧ ನಿಮಿಷ ಕೇಳ್ದೆ ಮಾವ. ಹತ್ತು ಸೆಕೆಂಡಲ್ಲಿ ವಿಷಯ ಬರದಿದ್ರೆ ಯಾರೂ ಕೇಳಲ್ಲ ಅಂತ ಪಾಠ ಮಾಡೋಳೇ ನಾನು."

ಈಗ ಅವಳ ಮೆಸೇಜನ್ನು ಎಂಟು ಸೆಕೆಂಡಿನಲ್ಲಿ ಮುಗಿಸುತ್ತೇನೆ. ಎದುರಿಗೆ ಅವಳು ಕಾಗದ ಹಿಡಿದು ಕೂತಿರುತ್ತಾಳೆ, ಆಮೇಲೆ ಕೊನೆಯವರೆಗೂ ಕೇಳುತ್ತಾಳೆ.

ಈ ಕಥೆಯನ್ನು ನಾಲ್ಕು ಜನಕ್ಕೆ ಕಳಿಸಿ. ಪೂರ್ತಿ ಕೇಳದಿದ್ದರೂ ಕಳಿಸಿ. ಕೇಳದೇ ಇದ್ದುದಕ್ಕೇ ಆ ಅಂಗಡಿಯ ಗಡಿಯಾರಗಳಿಗೆ ಕೀಲಿ ಕೊಡುವವರು ಇವತ್ತಿಗೂ ಇದ್ದಾರೆ.