ಅಮ್ಮನ ಮೂಗು ಹೀಗಿರಲಿಲ್ಲ

“ಅಲ್ಲ ಅಲ್ಲ, ಅಮ್ಮನ ಮೂಗು ಹೀಗಿರಲಿಲ್ಲ,” ಎಂದ ತಮ್ಮ, ಚಿತ್ರಗಾರನೆದುರು ಕುರ್ಚಿಯ ತುದಿಗೆ ಜರುಗಿ. “ಇಷ್ಟು ಚೂಪಲ್ಲ ಸಾರ್.”

ಮತ್ತೆ ಹೇಗಿತ್ತು ಎಂದು ಚಿತ್ರಗಾರ ಕೇಳಲಿಲ್ಲ. ಹಾಗೆ ಕೇಳಿದರೆ ಎಂಥ ಮಾತುಗಾರನೂ ತಬ್ಬಿಬ್ಬಾಗುತ್ತಾನೆ. ಒಂದು ಫೋಟೋವನ್ನೂ ಉಳಿಸದೆ ತೀರಿಹೋದವರ ಮುಖ ಬರೆದುಕೊಡುವುದೇ ಅವನ ಕಸುಬು. ಹೆತ್ತವಳ ಮೂಗನ್ನು ಬಣ್ಣಿಸು ಎಂದರೆ ಬಾಯಿ ಕಟ್ಟಿಹೋಗುವ ಜನ, ತಪ್ಪು ಮೂಗೊಂದನ್ನು ಬರೆದು ಮುಂದಿಟ್ಟರೆ ಸಾಕು, ಎಲ್ಲ ಪಂಡಿತರೇ. ಅದಕ್ಕೇ ಅವನು ಬೇಕೆಂದೇ ತಪ್ಪು ಬರೆಯುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಅಳಿಸುತ್ತಿದ್ದ. ಅವನಿಗೆ ಪೆನ್ಸಿಲ್ಲಿಗಿಂತ ರಬ್ಬರಿನ ಖರ್ಚೇ ಹೆಚ್ಚು.

ತಮ್ಮನದು ಲಿಫ್ಟ್ ರಿಪೇರಿ ಕೆಲಸ. ಕೈಯ ಗ್ರೀಸನ್ನು ಅರ್ಧಂಬರ್ಧ ಒರೆಸಿಕೊಂಡು ನೇರವಾಗಿ ಬಂದಿದ್ದ. ಅಜ್ಜಿ ಹೇಗಿದ್ಲು ಅಂತ ಮಗಳು ದಿನಾ ಪ್ರಾಣ ತಿಂತಾಳೆ, ಏನು ತೋರಿಸ್ಲಿ, ಎಂದು ಬಂದ ಕೂಡಲೇ ಹೇಳಿಕೊಂಡಿದ್ದ. ಜೊತೆಗೆ ಅಕ್ಕನನ್ನೂ ಎಳೆದುಕೊಂಡು ಬಂದಿದ್ದ. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ದುಡಿಯುವ ಆಕೆ ಕಿಟಕಿಯ ಪಕ್ಕದ ಬೆಂಚಿನ ಮೇಲೆ, ಈಗಲೋ ಆಗಲೋ ಹೊರಡುವವಳಂತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ನೀವೂ ಹೇಳಿ ಅಕ್ಕ. ಅಮ್ಮ ಹೋದಾಗ ಇವರಿನ್ನೂ ಕೂಸು. ನಿಮಗೆ ಚೆನ್ನಾಗಿ ನೆನಪಿರತ್ತೆ,” ಎಂದ ಚಿತ್ರಗಾರ.

“ಬೇಕಾಗಿರೋದು ಅವನಿಗೆ. ಅವನೇ ಹೇಳ್ಲಿ ಬಿಡಿ.”

ತಮ್ಮನಿಗೆ ಅಷ್ಟೇ ಸಾಕಾಯಿತು. ಕಣ್ಣು ಇಷ್ಟು ದೊಡ್ಡದಲ್ಲ. ಹುಬ್ಬು ಇಷ್ಟು ದಪ್ಪ ಅಲ್ಲ. ರೆಪ್ಪೆ ಎರಡೂ ಒಂದೇ ಸಮ ಅಲ್ಲವೇ ಅಲ್ಲ, ಎಡಗಡೆದು ಒಂಚೂರು ಇಳಿದಿತ್ತು, ನಿದ್ದೆಗಣ್ಣಲ್ಲಿ ಇದ್ದಂಗೆ. ಚಿತ್ರಗಾರ ರೆಪ್ಪೆಯನ್ನು ಇಳಿಸಿ ತಲೆಯೆತ್ತಿದ. ಎದುರಿಗೆ ಬೆಂಚಿನ ಮೇಲೆ ಅಂಥದೇ ಒಂದು ಎಡರೆಪ್ಪೆ ಇತ್ತು. ತಾಯಿಯನ್ನು ಮಗಳು ಹೋಲುವುದರಲ್ಲಿ ಅತಿಶಯವೇನು? ಹೀಗೆಂದುಕೊಂಡರೂ ಅವನ ಕುತೂಹಲ ಸುಮ್ಮನಿರಲಿಲ್ಲ. ತುಟಿ ಬರೆಯುವಾಗ ಆಕೆಯ ತುಟಿಯನ್ನು ಕದ್ದು ನೋಡಿ, ಅದಕ್ಕೆ ವಿರುದ್ಧವಾದ ತುಟಿಯನ್ನೇ ಬರೆದ.

“ಛೆ ಛೆ, ಅಲ್ಲ ಸಾರ್!” ಎಂದ ತಮ್ಮ.

ಅಳಿಸಿ, ಬೆಂಚಿನ ಮೇಲಿದ್ದ ತುಟಿಯನ್ನೇ ಬರೆದ. ಈ ಸಲ ತಮ್ಮ ತುಟಿಪಿಟಕ್ಕೆನ್ನಲಿಲ್ಲ.

“ಗದ್ದ?”

“ಗದ್ದ ಇಷ್ಟು ನುಣುಪಲ್ಲ. ಇಲ್ಲೊಂದು ಕಲೆ ಇತ್ತು, ಸುಟ್ಟಿದ್ದು. ಒರಟೊರಟಾಗಿ. ಅದರ ಮೇಲೆ ಬೆರಳಿಟ್ಕೊಂಡ್ರೇನೇ ನಂಗೆ ನಿದ್ದೆ ಬರ್ತಿದ್ದಿದ್ದು.”

ಬೆಂಚಿನ ಮೇಲೆ ಅಕ್ಕನ ಕೈ ತಟ್ಟನೆ ಗದ್ದಕ್ಕೆ ಹೋಯಿತು. ಅಲ್ಲಿ ಕಲೆ ಇದ್ದರೂ ಈಗ ಸುಕ್ಕುಗಳ ನಡುವೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ದಿನಾ ಕಾಣುವ ಮುಖವನ್ನು ಯಾರು ತಾನೇ ನೋಡುತ್ತಾರೆ?

ಚಿತ್ರಗಾರ ಪೆನ್ಸಿಲನ್ನು ಕೆಳಗಿಟ್ಟು ಹಾಳೆಯನ್ನು ತಿರುಗಿಸಿದ. ತಮ್ಮ ಗ್ರೀಸಿನ ಕೈ ತಗುಲೀತೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದ.

“ಇವಳೇ ಸಾರ್. ಇವಳೇ ನಮ್ಮಮ್ಮ.” ಅವನು ಬೆಂಚಿನತ್ತ ತಿರುಗಿದ. “ಅಕ್ಕ, ಬಾರೇ, ನೋಡೇ! ಸರಿಯಾಗಿದೆ ಅಲ್ವಾ?”

ಅಕ್ಕ ಎದ್ದು ಬಂದಳು. ಹಾಳೆಯ ಮೇಲೆ ಹರೆಯದ ಹೆಣ್ಣೊಬ್ಬಳು ಎಡರೆಪ್ಪೆ ಇಳಿಸಿಕೊಂಡು ಅವಳನ್ನೇ ನೋಡುತ್ತಿದ್ದಳು. ಚಿತ್ರಗಾರ ಇಬ್ಬರನ್ನೂ ನೋಡಿದ. ಏನೋ ಹೇಳಲು ಬಾಯಿ ತೆರೆದವನನ್ನು ಅಕ್ಕ ಕಣ್ಣಲ್ಲೇ ತಡೆದಳು.

“ನಿಂಗೆ ಸರಿ ಅನ್ಸಿದ್ರೆ ಸರಿ ಕಣೋ.”

“ನೋಡಿ ಸಾರ್, ಇವಳು ಯಾವತ್ತೂ ಹಿಂಗೇ. ಬಾಯ್ಬಿಟ್ಟು ಒಂದು ಮಾತು ಹೇಳಲ್ಲ,” ಎಂದು ನಗುತ್ತಾ ಕಣ್ಣೊರೆಸಿಕೊಂಡ ತಮ್ಮ, ಚಿತ್ರಕ್ಕೆ ಕಟ್ಟು ಹಾಕಿಸಲು ಎದುರುಗಡೆಯ ಗಾಜಿನಂಗಡಿಗೆ ಓಡಿದ. ಮೆಟ್ಟಿಲಿಳಿಯುವಾಗ ಮಗಳಿಗೆ ಫೋನಿನಲ್ಲಿ, “ಪುಟ್ಟಿ, ಅಜ್ಜಿ ಸಿಕ್ಕಿದ್ಲು ಕಣೇ!” ಎನ್ನುವುದು ಕೇಳಿಸಿತು.

ಕೋಣೆಯಲ್ಲಿ ರಬ್ಬರಿನ ಪುಡಿ ಊದುತ್ತಾ ಚಿತ್ರಗಾರ ಕೇಳಿದ: “ನೀವು ಅಮ್ಮನ ಹಾಗೇ ಇದೀರಾ?”

“ಇಲ್ಲ. ನಾನು ಪೂರಾ ಅಪ್ಪನ ಪಡಿಯಚ್ಚು. ಗದ್ದದ ಮೇಲೆ ಈ ಎಣ್ಣೆ ಹಾರಿದ್ದೂ ಅಮ್ಮ ಹೋದ್ಮೇಲೆ. ಆವಾಗಿನ್ನೂ ಒಲೆ ಮುಂದೆ ನಿಂತು ಅಭ್ಯಾಸ ಇರ್ಲಿಲ್ಲ.”

“ಅದು ಅಮ್ಮ ಅಲ್ಲ ಅಂತ ಹೇಳ್ಬಹುದಿತ್ತಲ್ಲ?”

“ಹೇಳಿ ಏನ್ ಮಾಡ್ಲಿ?” ಎಂದಳು ಆಕೆ. “ಅವನತ್ರ ಬೇರೆ ಅಮ್ಮ ಇಲ್ವಲ್ಲ.”

ಚೀಲ ಹೆಗಲಿಗೇರಿಸಿ ಬಾಗಿಲತನಕ ಹೋದವಳು ಅಲ್ಲೇ ನಿಂತಳು. ಹಿಂದಿರುಗಿ ಬಂದು, ತಮ್ಮ ಕೂತಿದ್ದ ಕುರ್ಚಿಯಲ್ಲಿ ಕೂತಳು.

“ನಂಗೂ ಒಂದು ಬರ್ಕೊಡ್ತೀರಾ? ನಮ್ಮಮ್ಮಂದು?”

ಚಿತ್ರಗಾರ ಹೊಸ ಹಾಳೆ ತೆಗೆದ. ಅಷ್ಟು ವರ್ಷದ ಕಸುಬಿನಲ್ಲಿ ಯಾರನ್ನೂ ಕೇಳದ ಪ್ರಶ್ನೆ ಅವತ್ತು ಬಾಯಿತಪ್ಪಿ ಬಂದುಬಿಟ್ಟಿತು: “ಹೇಗಿದ್ರು?”

ಆಕೆ ಹೇಳಲು ಹೋದಳು. ಮಾತು ಹೊರಡಲಿಲ್ಲ. ಕೊನೆಗೆ ತನ್ನ ಮುಖವನ್ನೇ ದೀಪದ ಬೆಳಕಿಗೆ ಒಡ್ಡಿ, ಹುಬ್ಬು, ಮೂಗು, ಗದ್ದಗಳ ಮೇಲೆ ಬೆರಳಾಡಿಸಿದಳು.

“ಇದ್ಯಾವುದೂ ಅಲ್ಲ,” ಎಂದಳು. “ಇಲ್ಲಿಂದ ಶುರು ಮಾಡಿ.”