ಬೀಗತಿಯ ಬಾಯಿ

ಗಂಡಿನ ಕಡೆಯವರು ಎಲೆಯ ಮುಂದೆ ಕೂತಾಗಿತ್ತು, ಗೋದಿ ಹುಗ್ಗಿ ಬಡಿಸಿ ಅದರ ಮೇಲೆ ತುಪ್ಪವೂ ಬಿದ್ದಾಗಿತ್ತು. ಆದರೂ ಸತ್ಯಮ್ಮನ ಬಾಯಿಂದ ಹಾಡು ಹೊರಡಲಿಲ್ಲ. ಬೀಗರು ಉಣ್ಣುವಾಗ ಹೆಣ್ಣಿನ ಕಡೆಯ ಹೆಂಗಸರು ಹಾಡು ಕಟ್ಟಿ ಅವರ ಮರ್ಯಾದೆ ಕಳೆಯಬೇಕು, ಅವರು ಕೈ ತೊಳೆಯುವುದರೊಳಗೆ ಅದನ್ನು ಬಡ್ಡಿ ಸಮೇತ ತೀರಿಸಬೇಕು. ಅದಿಲ್ಲದಿದ್ದರೆ ಕರೂರಿನಲ್ಲಿ ಅದನ್ನು ಮದುವೆ ಅಂತ ಯಾರಾದರೂ ಕರೆದಾರೆಯೇ?

ಹಾಡುವವಳಾದರೂ ಸಾಮಾನ್ಯಳೇ? ಹಿಂದೊಮ್ಮೆ ಸಿರುಗುಪ್ಪದ ಮದುವೆಯೊಂದರಲ್ಲಿ ಕುರುಗೋಡಿನ ಗಾದೆಮ್ಮನಂಥ ಗಾದೆಮ್ಮನನ್ನೇ ಹಾಡಿ ಹಾಡಿ ಸುಸ್ತು ಮಾಡಿ, "ಸಾಕು ಬಿಡು ನಮ್ಮವ್ವ" ಎಂದು ಕೈ ಮುಗಿಯುವಂತೆ ಮಾಡಿದ್ದವಳು. ಈಗ ಅದೇ ಗಾದೆಮ್ಮ ಗಂಡಿನ ಸೋದರತ್ತೆಯಾಗಿ ಮೊದಲ ಸಾಲಿನಲ್ಲೇ ಕುಳಿತಿದ್ದಾಳೆ. ಮದುಮಗಳು ಭಾಗ್ಯ ಸತ್ಯಮ್ಮನ ಮೊಮ್ಮಗಳು. ಇಂಥ ದಿನವೇ ಬಾಯಿ ಕಟ್ಟಿದರೆ ಹೇಗೆ?

"ಯವ್ವ, ಎಲ್ಲಾರೂ ನಿನ್ನ ಮಾರಿನೇ ನೋಡಾಕತ್ತಾರ," ಮಗಳು ಪಾರಮ್ಮ ಹುಗ್ಗಿಯ ಬಕೆಟ್ ಹಿಡಿದುಕೊಂಡೇ ಪಿಸುಗುಟ್ಟಿದಳು. "ಒಂದು ನುಡಿಯಾದ್ರೂ ಅನ್ನು. ಭಾಗ್ಯಾನ ಸಲುವಾಗಿ."

"ಬರವಲ್ದು ಪಾರಿ. ನಿಮ್ಮಪ್ಪನ ಕೂಡಾನ ಹೋತು ಅದು."

ಅವಳು ಹೇಳಿದ್ದು ಸುಳ್ಳಲ್ಲ. ಗಂಡ ಜಡೆಪ್ಪ ಇದ್ದಾಗ ಎಲ್ಲ ಹಾಡೂ ಮೊದಲು ಅವನ ಮೇಲೆಯೇ ಹುಟ್ಟುತ್ತಿತ್ತು. ಅವನ ಗೊರಕೆ, ಅವನ ಬೋಳು ತಲೆ, ಬಸ್ಸು ಹೋದ ಮೇಲೆ ಬಸ್‌ಸ್ಟ್ಯಾಂಡಿಗೆ ಓಡುವ ಅವನ ಚಾಳಿ. ಬೈಸಿಕೊಂಡು ಅವನು ಕಣ್ಣಲ್ಲಿ ನೀರು ಬರುವಂತೆ ನಕ್ಕನೆಂದರೆ, ಅದೇ ಹಾಡನ್ನು ಮದುವೆಗೆ ಒಯ್ದು ಬೀಗರ ಹೆಸರು ಸೇರಿಸಿಬಿಡುತ್ತಿದ್ದಳು. ಅವನು ಹೋಗಿ ವರ್ಷವಾಯಿತು. ಬಂದವರೆಲ್ಲ ದನಿ ಇಳಿಸಿ, "ದೇವರಂಥ ಮನುಷ್ಯ" ಎಂದು ಲೊಚಗುಟ್ಟಿ ಹೋಗುತ್ತಾರೆ. ದೇವರಂಥವನನ್ನು ಯಾವ ಬಾಯಿಂದ ಬೈಯುವುದು? ಹಾರ ಹಾಕಿದ ಫೋಟೋ ನೋಡಿದಾಗಲೆಲ್ಲ, ಇವನ್ಯಾರೋ ಬೇರೆ, ನನ್ನ ಗೊರಕೆಯ ಜಡೆಪ್ಪ ಎಲ್ಲಿ ಹೋದ ಎನ್ನಿಸಿ ಸತ್ಯಮ್ಮನಿಗೆ ಸಂಕಟವಾಗುತ್ತಿತ್ತು. ಈ ಮದುವೆಗೆಂದು ಎಷ್ಟೋ ದಿನ ಒದ್ದಾಡಿದ್ದಳು. ಒಂದು ಸಾಲು ಬಂದರೆ ಎರಡನೆಯದು ಬರುತ್ತಿರಲಿಲ್ಲ.

ಗಾದೆಮ್ಮ ಎಷ್ಟು ಹೊತ್ತೂಂತ ಕಾದಾಳು. ಹುಗ್ಗಿಯನ್ನು ಬೆರಳಿನಿಂದ ಕೆದಕುತ್ತ ತಾನೇ ಎತ್ತಿಕೊಂಡಳು:

"ಹುಗ್ಗಿಯೊಳಗ ಬೆಲ್ಲ ಹುಡುಕಿ ಬೆರಳು ಸವದಾವ
ಹಾಡೋ ಬೀಗತಿ ಹುಡುಕಿ ಹುಡುಕಿ ಕಣ್ಣು ಸೋತಾವ"

ಸಾಲಿಗೆ ಸಾಲೇ ನಕ್ಕಿತು. ಸತ್ಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಚಪ್ಪರದ ಕಂಬದ ಹಿಂದೆ ಸರಿದಳು. ಉತ್ತರ ಕೊಡಲಾಗದವರು ಬೀಗರ ಮುಂದೆ ಬಂದು ಕೈ ಮುಗಿದು ಸೋಲೊಪ್ಪಬೇಕು, ಅದು ಪದ್ಧತಿ. ಇಂದು ಕೈ ಮುಗಿದರೆ ತಾನು ಇನ್ನೆಂದೂ ಹಾಡುವವಳಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಏನು ಮಾಡುವುದು, ಎರಡೂ ಕೈ ಜೋಡಿಸಿಕೊಂಡು ಮುಂದೆ ಬಂದಳು.

ಆ ಕೈಗಳನ್ನು ನೋಡಿ ಗಾದೆಮ್ಮನ ಮುಖದ ನಗು ಆರಿತು.

"ಕೈ ಇಳಸ್ ಯಕ್ಕ," ಎಂದಳು. "ನಂದಿನ್ನೂ ಮುಗದಿಲ್ಲ."

ಸತ್ಯಮ್ಮನ ಬರಿ ಹಣೆಯನ್ನು ಒಂದು ಗಳಿಗೆ ದಿಟ್ಟಿಸಿ, ದನಿ ಏರಿಸಿ ಹಾಡಿದಳು:

"ಸತ್ಯಮ್ಮನ ಗಂಡ ಸತ್ತಾನಂದ್ರ ನಾ ನಂಬೂದಿಲ್ಲವ್ವ
ಸಾರಿನ ಉಪ್ಪು ತಾಳಲಾರದ ಓಡಿ ಹೋಗ್ಯಾನವ್ವ"

ತುತ್ತು ಎತ್ತಿದವರ ಕೈ ಎತ್ತಿದಲ್ಲೇ ನಿಂತವು. ಪಾರಮ್ಮ ಬಕೆಟ್ ಕುಕ್ಕಿದಳು.

"ಇದೇನ್ ಮಾತ್ರಿ ಬೀಗತಿ? ಸತ್ತವ್ರ ಮ್ಯಾಲೂ ಹಾಡು ಕಟ್ತಾರನ್ರಿ? ನಮ್ಮಪ್ಪ ದೇವರಂಥ..."

"ನೀ ಸುಮ್ಕಿರು ಪಾರಿ," ಎಂದಳು ಸತ್ಯಮ್ಮ.

ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಅಳುವೂ ಇತ್ತೆನ್ನಿ, ಆದರೆ ಮೊದಲು ಬಂದದ್ದು ನಗೆ. ಅವನು ಹೋದ ಮೇಲೆ ಇದೇ ಮೊದಲ ಸಲ ಯಾರೋ ಅವಳ ಗಂಡನನ್ನು ಮೊದಲಿನ ಹಾಗೆ ಗೇಲಿ ಮಾಡಿದ್ದರು. ಆ ಮಹಾರಾಯ ಫೋಟೋದಿಂದ ಇಳಿದು, ಪಂಚೆ ಎತ್ತಿ ಕಟ್ಟಿ, ಚಪ್ಪಲಿಯನ್ನೂ ಮೆಟ್ಟದೆ ಸಿರುಗುಪ್ಪದ ರಸ್ತೆ ಹಿಡಿದು ಓಡುತ್ತಿರುವುದು ಅವಳ ಕಣ್ಣಿಗೆ ಕಟ್ಟಿತು. ಅಯ್ಯೋ, ಇವನೇ, ಇವನೇ ನನ್ನವನು. ಎಷ್ಟು ದಿನಕ್ಕೆ ಸಿಕ್ಕ. ಯೋಚಿಸುವಷ್ಟೂ ಬಿಡುವು ಕೊಡದೆ ಬಾಯಿ ತಾನಾಗಿ ತೆರೆಯಿತು:

"ಓಡಿದವ ಹಸದು ದಣಿದು ಕುರುಗೋಡ ಸೇರ್ಯಾನ
ಗಾದೆಮ್ಮನ ಸಾರು ಗುಟುಕು ಕುಡಿದು ತಿರುಗಿ ಬರತಾನ"

ಹೆಣ್ಣಿನ ಕಡೆಯ ಹೆಂಗಸರೆಲ್ಲ ಕೊನೆಯ ಸಾಲನ್ನು ಎತ್ತಿಕೊಂಡರು. "ತಿರುಗಿ ಬರತಾನ" ಎಂಬಲ್ಲಿ ಸತ್ಯಮ್ಮನ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. ಅದರ ಬೆನ್ನಿಗೇ ಇನ್ನೊಂದು ನುಡಿ ಬಂತು, ಅದರ ಬೆನ್ನಿಗೆ ಮತ್ತೊಂದು. ಗಾದೆಮ್ಮ ಬೈಸಿಕೊಳ್ಳುತ್ತ, ಎಡಗೈಯಿಂದ ಸೆರಗೆಳೆದು ಕಣ್ಣೊರೆಸಿಕೊಳ್ಳುತ್ತ ಹೊಟ್ಟೆ ತುಂಬ ನಕ್ಕಳು.

"ಅಷ್ಟು ದೂರದಿಂದ ಬರಾವ ಹಸದು ಬರತಾನ ಪಾರಮ್ಮ," ಎಂದಳು. "ಇಲ್ಲಿ ನನ್ನ ಮಗ್ಗಲಕ ಒಂದು ಎಲಿ ಹಾಕು."

ಪಾರಮ್ಮ ಅಳುತ್ತಲೋ ನಗುತ್ತಲೋ ಎಲೆ ಹಾಸಿದಳು, ನೀರು ಚಿಮುಕಿಸಿದಳು, ತುದಿಗೆ ಉಪ್ಪು ಹಾಕಲು ಬಟ್ಟಲಿಗೆ ಕೈ ಇಟ್ಟಳು. ಸತ್ಯಮ್ಮ ಬಗ್ಗಿ ಮಗಳ ಕೈ ಹಿಡಿದಳು.

"ಉಪ್ಪು ಬ್ಯಾಡವ್ವ," ಎಂದಳು. "ಮತ್ತ ಓಡಿಗೀಡ್ಯಾನು."